ಎರಡು ತಲೆಯ ಹಕ್ಕಿ

ರಬಕವಿಯ ನೇಕಾರ ಕಾಶಪ್ಪನ ಮಗಳು ಯಶೋಧರಾ ಜಮಖಂಡಿಯ ಕಾಲೇಜೊಂದರಲ್ಲಿ ಇಂಗ್ಲಿಷ್ ಕಲಿಸಿಕೊಂಡು ತನ್ನ ಪಾಡಿಗೆ ತಾನಿದ್ದಳು. ಸೀರೆ ವ್ಯಾಪಾರಿ ಪರಮಾನಂದ ಸುಮ್ಮನಿರಬೇಕಲ್ಲ! 2011ರ ಯುಗಾದಿಗೂ ಮುಂಚೆ ಮನೆಗೆ ಬಂದು ಕೂತ.

"ಮೆಕ್ಸಿಕೋದಾಗ ನಾವು ನೇಯೋ ಅರಿವೀಗೆ ಗಿರಾಕಿ ಅದಾರವ್ವಾ. ಅವ್ರ ಮಾತು ನಮಗ ತಿಳಿಯಂಗಿಲ್ಲ. ನೀ ಹೋಗಿ ಕಲ್ತು ಬಾ, ಖರ್ಚು ನಂದು."

ಕಾಶಪ್ಪನ ಹಿಗ್ಗು ಕೇಳಬೇಕೆ? ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಸಿಕ್ಕವರಿಗೆಲ್ಲ, "ನಮ್ಮ ಹುಡುಗಿ ಸ್ಪ್ಯಾನಿಷ್ ಕಲಿಯಾಕ ಹೊಂಟಾಳ್ರೀ" ಎಂದು ಹೇಳಿದ್ದೇ ಹೇಳಿದ್ದು.

ಮೆಕ್ಸಿಕೋದ ವಹಾಕಾ ನಗರದಲ್ಲಿ ಆಗ ವಸಂತ. ಬೀದಿಯ ಮರಗಳಲ್ಲಿ ಎಲೆಗಿಂತ ನೇರಳೆ ಬಣ್ಣದ ಹೂವೇ ಹೆಚ್ಚು. ಮುಂಜಾನೆ ಭಾಷಾಶಾಲೆ; ಊಟ, ವಸತಿ ಪೇತ್ರಾ ಎಂಬ ಮುದುಕಿಯ ಮನೆಯಲ್ಲಿ. ಪೇತ್ರಾಳದೂ ನೇಕಾರಿಕೆಯೇ. ಉದ್ದೆಳೆಗಳ ಹಾಸಿನ ಒಂದು ತುದಿಯನ್ನು ಅಂಗಳದ ಮರಕ್ಕೆ ಕಟ್ಟಿ, ಇನ್ನೊಂದನ್ನು ಸೊಂಟದ ಪಟ್ಟಿಗೆ ಬಿಗಿದು, ನೆಲದಲ್ಲಿ ಕೂತು ನೇಯುತ್ತಿದ್ದಳು. ಶಾಲೆಯಲ್ಲಿ ತಲೆಗೆ ಹತ್ತದ ಮಾತು ಆ ಮಗ್ಗದ ಪಕ್ಕ ಕೂತರೆ ತಾನಾಗಿ ಹತ್ತುತ್ತಿತ್ತು. ಎಳೆ ಹರಿಯಿತು, ಗಂಟು ಹಾಕು, ಬಿಗಿಯಾಗಿ ಹಿಡಿ ಎನ್ನುತ್ತಲೇ ಯಶೋಧರಾ ಸ್ಪ್ಯಾನಿಷ್ ಕಲಿತಳು. ತವರುಮನೆಗೆ ಬಂದಂತಿತ್ತು ಅವಳಿಗೆ.

ಹೊರಡುವ ಮುನ್ನಾದಿನ ಪೇತ್ರಾ ಒಂದು ಶಾಲು ಕೊಟ್ಟಳು. ಅದರ ತುಂಬ ಎರಡು ತಲೆಯ ಕೆಂಪು ಹಕ್ಕಿ.

"ಇದು ನನ್ನ ಅವ್ವನ ಹಕ್ಕಿ. ನಮ್ಮ ಮನೆಯ ಹೆಣ್ಣುಮಕ್ಕಳಿಗೆ ಬಿಟ್ಟು ಯಾರಿಗೂ ಕೊಟ್ಟಿಲ್ಲ. ಹೊದ್ದುಕೋ. ಮಾರುವವರ ಕೈಗೆ ಮಾತ್ರ ಸಿಗಬಾರದು."

ಕಾಶಪ್ಪನ ಮನೆಯಲ್ಲಿ ಆಣೆ ಎಂದರೆ ಮಗ್ಗ ಮುಟ್ಟಿ ಮಾಡುವ ಆಣೆ; ಅದನ್ನು ಮುರಿದವನ ಮನೆಯಲ್ಲಿ ನೀರು ಸಹ ಕುಡಿಯುತ್ತಿರಲಿಲ್ಲ. ಯಶೋಧರಾ ಪೇತ್ರಾಳ ಮಗ್ಗ ಮುಟ್ಟಿ ಮಾತು ಕೊಟ್ಟಳು.

ಊರಿಗೆ ಬಂದು ಅಪ್ಪನಿಗೆ ಎಲ್ಲ ಬಿಡಿಸಿ ಹೇಳಿದಳು. "ನಾ ಯಾಕ ಮುಟ್ಟಲಿ ಬಿಡವ್ವಾ" ಎಂದ ಕಾಶಪ್ಪ. ಅವಳು ಶಾಲನ್ನು ಟ್ರಂಕಿನಲ್ಲಿಟ್ಟು ಜಮಖಂಡಿಗೆ ಹೋದಳು.

ನೇಕಾರರಿಗೊಂದು ಚಟ. ಹೊಸ ನೇಯ್ಗೆ ಕಂಡರೆ ಎಳೆ ಬಿಚ್ಚಿ ನೋಡದ ಹೊರತು ಉಂಡ ಅನ್ನ ಕರಗುವುದಿಲ್ಲ. ಕಾಶಪ್ಪ ಶಾಲಿನ ಮೂಲೆ ಬಿಚ್ಚಿದ. ಅಷ್ಟಕ್ಕೇ ನಿಂತಿದ್ದರೆ ಹಾಳಾಗಲಿ ಎನ್ನಬಹುದಿತ್ತು. ಆ ಪುಣ್ಯಾತ್ಮ ಹಕ್ಕಿಯನ್ನು ತನ್ನ ಮಗ್ಗಕ್ಕಿಳಿಸಿ, ಪರಮಾನಂದನನ್ನು ಕರೆದು ತೋರಿಸಿದ. ಪಕ್ಕದ ಬನಹಟ್ಟಿಯ ಪಾವರ್‌ಲೂಮುಗಳೆಲ್ಲ ಅದನ್ನೇ ನೇಯತೊಡಗಿದವು. ಮಗಳಿಗೆ ಮಾತ್ರ ಯಾರೂ ಬಾಯಿ ಬಿಡಲಿಲ್ಲ.

ದೀಪಾವಳಿ ಮುಗಿದ ಮೇಲೆ ಮೆಕ್ಸಿಕೋದ ಗಿರಾಕಿ ಕಾಶಪ್ಪನ ಮನೆಗೇ ಬಂದ. ಮಾತು ದಾಟಿಸಲಿಕ್ಕೆ ಯಶೋಧರಾ ಬಂದಳು. ಪರಮಾನಂದ ಸೀರೆಯ ಸೆರಗು ಬಿಚ್ಚಿ ಹರವಿದ. ಅದರ ತುಂಬ ಪೇತ್ರಾಳ ಎರಡು ತಲೆಯ ಕೆಂಪು ಹಕ್ಕಿ.

"ಇಂಥ ಹಕ್ಕಿ ನಮ್ಮ ಕಡೆಯೂ ಇದೆ. ಇದು ಯಾರದು?" ಎಂದು ಗಿರಾಕಿ ಕೇಳಿದ. ಅವಳು ಅದನ್ನು ಕನ್ನಡಕ್ಕೆ ತಂದಳು.

"ನಮ್ಮ ಗಂಡಭೇರುಂಡ, ತಲೆತಲಾಂತರದ್ದು ಅಂತ ಹೇಳವ್ವಾ" ಎಂದ ಪರಮಾನಂದ.

ಯಶೋಧರಾ ತಂದೆಯ ಕಡೆ ತಿರುಗಿದಳು. "ಅಪ್ಪಾ, ಮಗ್ಗ ಮುಟ್ಟಿ ನೀ ಹೇಳು. ನೀ ಹೇಳಿದ್ದು ಅವ್ರಿಗೆ ಹೇಳ್ತೀನಿ."

ಮಗ್ಗ ಮುಟ್ಟಿ ಅಪ್ಪ ಸುಳ್ಳಾಡಲಾರ ಎಂದು ಅವಳು ಆಗಲೂ ನಂಬಿದ್ದಳು. ಕಾಶಪ್ಪ ಒಮ್ಮೆ ಪರಮಾನಂದನ ಮುಖ ನೋಡಿದ. ಮಗ್ಗದ ಮೇಲೆ ಕೈಯಿಟ್ಟ.

"ನಮ್ಮಜ್ಜನ ಕಾಲದ್ದು."

ಪರಮಾನಂದ ವ್ಯಾಪಾರಿ, ಅವನ ಮೋಸಕ್ಕೆ ಅವಳಿಗೆ ಅಳು ಬರಲಿಲ್ಲ. ಅಳು ಬಂದದ್ದು ಬೇಲಿಯೇ ಎದ್ದು ಹೊಲ ಮೇಯ್ದದ್ದಕ್ಕೆ. ಗಿರಾಕಿಯ ಕಡೆ ತಿರುಗಿ, ನಿಧಾನವಾಗಿ, ಒಂದೂ ತಪ್ಪಿಲ್ಲದೆ ಸ್ಪ್ಯಾನಿಷಿನಲ್ಲಿ ಹೇಳಿದಳು. ಆ ಮಾತಿನ ನಡುವೆ ಪೇತ್ರಾಳ ಹೆಸರು ಬಂತು. ಗಿರಾಕಿ ಸೀರೆಯನ್ನು ಮಡಿಚಿ ಪಕ್ಕಕ್ಕಿಟ್ಟು ಎದ್ದು ನಿಂತ.

"ಏನಂದಿ ಅವ್ರಿಗೆ?" ಎಂದ ಕಾಶಪ್ಪ.

"ಮಗ್ಗ ಮುಟ್ಟಿ ನೀ ಏನ್ ಹೇಳಬೇಕಾಗಿತ್ತೋ, ಅದನ್ನ ಹೇಳೇನಪ್ಪಾ" ಎಂದಳು ಯಶೋಧರಾ.

ತಾಯಿ ಬೋರವ್ವ ತಂದಿಟ್ಟ ನೀರಿನ ತಂಬಿಗೆಯನ್ನು ಮುಟ್ಟದೆ ಅವಳು ಚಪ್ಪಲಿ ಮೆಟ್ಟಿದಳು.