ಬದುಕಿದ್ದ ಪ್ರೊಫೆಸರಿಗೆ ಬೇಯಿಸಿದ ಗೋಧಿ

ಲಂಬ್ರಿನಿ ನಮ್ಮೂರಿಗೆ ಬಂದದ್ದು ಯಾರಾದರೂ ಸಾಯುವುದನ್ನು ಕಾಯಲಿಕ್ಕೆ. ಕೇಳಲು ಕೆಟ್ಟದಾಗಿದೆ, ಆದರೆ ಇದ್ದದ್ದೇ ಹಾಗೆ. ಅವಳು ಅಥೆನ್ಸಿನಲ್ಲಿ ಪಿಎಚ್‌ಡಿ ಮಾಡುತ್ತಿದ್ದಳು. ವಿಷಯ, ನಮ್ಮ ಮಾನಿ ಸೀಮೆಯ ಹೆಂಗಸರು ಹೆಣದ ಸುತ್ತ ಕೂತು ಹಾಡುವ ಅಳುಹಾಡು. ಹೆಣವಿಲ್ಲದೆ ನಾವು ಆ ಹಾಡಿಗೆ ಬಾಯಿ ತೆರೆಯುವುದಿಲ್ಲ. ಸುಮ್ಮನೆ ಹಾಡಿದರೆ ಸಾವನ್ನು ಕೈಹಿಡಿದು ಮನೆಗೆ ಕರೆತಂದಂತೆ. ಮೊದಲ ದಿನ ಅವಳು ರೆಕಾರ್ಡರನ್ನು ಮೇಜಿನ ಮೇಲಿಟ್ಟು, "ಒಂದೇ ಒಂದು ಹಾಡಿ, ಅಜ್ಜಿ" ಎಂದು ಬೇಡಿದಾಗ ನನ್ನ ಗಂಡನ ಅಕ್ಕ ಪನೋರಿಯಾ ಕೇಳಿದಳು:

"ಹಾಡ್ತೀನಿ ಕಣೇ. ಹೆಣ ಎಲ್ಲಿ? ನೀನೇ ಮಲಗ್ತೀಯಾ?"

ಹುಡುಗಿ ರೆಕಾರ್ಡರನ್ನು ಚೀಲಕ್ಕೆ ಹಾಕಿಕೊಂಡಳು. "ಹಾಗಾದ್ರೆ ಕಾಯ್ತೀನಿ" ಎಂದಳು. ಪನೋರಿಯಾಗೆ ಅವಳು ಹಿಡಿಸಿದ್ದು ಆ ಮಾತಿಗೆ.

ನಮ್ಮ ಮನೆಯ ಮೇಲಿನ ಕೋಣೆಯಲ್ಲಿ ಉಳಿದಳು. ಅವಳ ಅಪ್ಪ ಕಾರ್ದಿತ್ಸಾದ ಬಯಲಲ್ಲಿ ಹತ್ತಿ ಲಾರಿ ಓಡಿಸುವವನು. ಅವಳ ವಿದ್ಯಾರ್ಥಿವೇತನ ಯಾವತ್ತೋ ನಿಂತುಹೋಗಿತ್ತು. ಬೇಸಿಗೆಯಲ್ಲಿ ಸಮುದ್ರದ ದಡದ ಹೋಟೆಲಿನಲ್ಲಿ ತಟ್ಟೆ ಹೊರುತ್ತಿದ್ದಳು, ಚಳಿಗಾಲದಲ್ಲಿ ನಮ್ಮ ಜೊತೆ ಆಲಿವ್ ಮರ ಬಡಿದು ಕಾಯಿ ಉದುರಿಸುತ್ತಿದ್ದಳು. ನಡುವೆ ಅವಳ ಗೈಡು ಪ್ರೊಫೆಸರ್ ವ್ರೆತ್ತೋಸ್ ಫೋನು ಮಾಡಿದರೆ ಎಲ್ಲ ಬಿಟ್ಟು ಬಸ್ಸು ಹತ್ತಬೇಕು: ಅವನ ಪರೀಕ್ಷೆಗೆ ಕಾವಲು ನಿಲ್ಲಲು, ಅವನ ಬದಲು ಉತ್ತರಪತ್ರಿಕೆ ತಿದ್ದಲು, ಒಮ್ಮೆ ಅವನ ಅತ್ತೆಯನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ಯಲು. ಅವಳು ಬರೆದುಕೊಟ್ಟ ಅಧ್ಯಾಯ ಮಾತ್ರ ತಿಂಗಳುಗಟ್ಟಲೆ ಅವನ ಮೇಜಿನ ಮೇಲೆ ಧೂಳು ತಿನ್ನುತ್ತಿತ್ತು.

ಭಾನುವಾರ ಅವಳ ಅಮ್ಮನ ಫೋನು. ನಮ್ಮ ಮನೆಯಲ್ಲಿ ಸಿಗ್ನಲ್ ಸಿಗುವುದು ಅಡುಗೆಮನೆಯಲ್ಲಷ್ಟೇ, ಹಾಗಾಗಿ ಎಲ್ಲವೂ ನನ್ನ ಕಿವಿಗೆ ಬೀಳುತ್ತಿತ್ತು.

"ಇನ್ನೂ ಎಷ್ಟು ಬರೀಬೇಕೇ ಅದನ್ನ? ನಿನ್ನ ಜೊತೆ ಓದಿದೋಳಿಗೆ ಎರಡನೇ ಮಗು ಆಯ್ತು."

"ಬರೀತಾ ಇದೀನಮ್ಮ."

"ಜನ ಸತ್ರೆ ಹೆಂಗಸರು ಅಳೋದನ್ನ ಬರೆಯೋಕೆ ಇಷ್ಟು ವರ್ಷ ಬೇಕಾ? ನಾನು ಹೇಳ್ತೀನಿ, ಬರ್ಕೋ. ಅಳ್ತಾರೆ. ಮುಗೀತು!"

ಅವಳು ಫೋನಿಟ್ಟು ನನ್ನ ಜೊತೆ ಹುರುಳಿಕಾಯಿ ಬಿಡಿಸಲು ಕೂರುತ್ತಿದ್ದಳು.

ಸಾವುಗಳು ಬಂದವು. ಮೊದಲು ಮುದುಕ ಕಮ್ಮಾರ. ಆಮೇಲೆ, ಯಾರೂ ಎಣಿಸದ ಹಾಗೆ, ಹಡಗಿನ ಕೆಲಸದಲ್ಲಿದ್ದ ಪನೋರಿಯಾಳ ಮಗ ಥೊದೋರಿಸ್. ಆ ದಿನ ಲಂಬ್ರಿನಿ ರೆಕಾರ್ಡರನ್ನು ಮುಟ್ಟಲಿಲ್ಲ. ಬಂದವರಿಗೆ ಕಾಫಿ ಕಾಯಿಸಿದಳು, ಲೋಟ ತೊಳೆದಳು, ಹೆಣದ ಕಾಲಬುಡದಲ್ಲಿ ನೆಲದ ಮೇಲೆ ಕೂತಳು. ಕೊನೆಗೆ ಪನೋರಿಯಾಳೇ ಅಂದಳು: "ತೆಗಿಯೇ ನಿನ್ನ ಪೆಟ್ಟಿಗೆ. ನನ್ನ ಮಗನ ಹೆಸರು ಎಲ್ಲಾದ್ರೂ ಉಳೀಲಿ." ತಾಯಿ ಮಗನಿಗೆ ಹಾಡಿದ ಆ ಹಾಡು ಹುಡುಗಿಯ ಥೀಸಿಸ್ಸಿನ ಜೀವವಾಯಿತು. ಟೇಪಿನ ಪ್ರತಿಗಳನ್ನು ಗೈಡಿಗೆ ಕಳಿಸಿದಳು. ಕಳಿಸದೆ ವಿಧಿಯಿರಲಿಲ್ಲ.

ಮುಂದಿನ ವರ್ಷ ಪುಸ್ತಕ ಬಂತು. ಮೇಲೆ ದಪ್ಪಕ್ಷರದಲ್ಲಿ ಆರಿಸ್ತೀದಿಸ್ ವ್ರೆತ್ತೋಸ್. ಒಳಗೆ ಥೊದೋರಿಸನ ಹಾಡು, ಒಂದು ಮಾತೂ ತಪ್ಪದೆ. ಲಂಬ್ರಿನಿಯ ಹೆಸರು ಕೊನೆಯ ಪುಟದ ಧನ್ಯವಾದಗಳಲ್ಲಿ, ಟೈಪು ಮಾಡಿದವಳ ಹೆಸರಿನ ಕೆಳಗೆ. ಅವಳು ಗೈಡಿಗೆ ಫೋನು ಮಾಡಿ, ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟು ಮಾತಾಡಿದಳು. ನಾನೂ ಪನೋರಿಯಾಳೂ ಅಲ್ಲೇ ಇದ್ದೆವು.

"ಸರ್, ಅವು ನಾನು ಮಾಡಿದ ರೆಕಾರ್ಡಿಂಗ್."

"ನಮ್ಮ ವಿಭಾಗದ್ದು, ಮಗು. ನಿನಗೆ ಧನ್ಯವಾದ ಹೇಳಿದೀನಲ್ಲ?"

"ಮತ್ತೆ ನನ್ನ ಥೀಸಿಸ್ಸು?"

"ಅಚ್ಚಾಗಿರೋದನ್ನೇ ಮತ್ತೆ ಕೊಟ್ರೆ ಸಮಿತಿ ಒಪ್ಪುತ್ತಾ? ಹೊಸದೇನಾದ್ರೂ ಹುಡುಕು. ಮದುವೆ ಹಾಡು ತಗೋ, ಚೆನ್ನಾಗಿರುತ್ತೆ."

ಅಷ್ಟು ವರ್ಷದ ದುಡಿಮೆ ಒಂದು ಫೋನಿನಲ್ಲಿ ಮುಗಿಯಿತು. ಪನೋರಿಯಾ ಒಂದೇ ಪ್ರಶ್ನೆ ಕೇಳಿದಳು: "ನನ್ನ ಮಗನ ಹೆಣದ ಹತ್ರ ತಾನೇ ಕೂತಿದ್ದೆ ಅಂತ ಬರ್ಕೊಂಡಿದಾನಾ?"

"ಹೌದು ಅಜ್ಜಿ. 'ನಾನು ಆ ಕೋಣೆಯಲ್ಲಿದ್ದೆ' ಅಂತ."

"ಸರಿ" ಎಂದು ಪನೋರಿಯಾ ಎದ್ದು ಹೋದಳು. ಅವಳು ಜಗಳಕ್ಕೆ ನಿಂತಿದ್ದರೆ ನನಗೆ ಹೆದರಿಕೆ ಆಗುತ್ತಿರಲಿಲ್ಲ.

ಆಗಸ್ಟಿನಲ್ಲಿ ಪ್ರೊಫೆಸರು ಪುಸ್ತಕ ಬಿಡುಗಡೆಗೆ ನಮ್ಮೂರಿಗೇ ಬಂದ. ಹಳೆಯ ಶಾಲೆಯ ಅಂಗಳದಲ್ಲಿ ಕುರ್ಚಿ ಹಾಕಿದರು. ಟಿವಿಯ ಕ್ಯಾಮೆರಾ ಬಂತು. ಲಂಬ್ರಿನಿಯ ಥೀಸಿಸ್ ಸಮಿತಿಯ ಇನ್ನಿಬ್ಬರು ಮುಂದಿನ ಸಾಲಿನಲ್ಲಿದ್ದರು. ಹುಡುಗಿ ಗೋಡೆಗೆ ಒರಗಿ ನಿಂತಿದ್ದಳು, ನಾವು ಏನು ಮಾಡಲಿದ್ದೇವೆಂದು ಅವಳಿಗೆ ಹೇಳಿರಲಿಲ್ಲ.

"ಅಮ್ಮಂದಿರೇ, ಒಂದು ಹಾಡು ಆಗ್ಲಿ. ಹೆಣ ಇದೆ ಅಂದ್ಕೊಂಡು ಹಾಡಿ" ಎಂದ ಪ್ರೊಫೆಸರು.

"ಅಂದ್ಕೊಂಡೆಲ್ಲ ಬರಲ್ಲ ಮೇಷ್ಟ್ರೇ. ಮಧ್ಯ ಯಾರಾದ್ರೂ ಇರ್ಬೇಕು" ಎಂದಳು ಪನೋರಿಯಾ.

"ನಾನೇ ಕೂತ್ರೆ?"

"ಭೇಷಾಗಿ ಒಪ್ಪುತ್ತೆ. ಕೂತ್ಕೊಳ್ಳಿ."

ಜನ ನಕ್ಕರು. ನಮ್ಮ ಒಂದೇ ಒಂದು ಸಾವಿನ ಮನೆಯಲ್ಲಿ ಕೂತಿದ್ದರೂ ಸಾಕಿತ್ತು, ಆ ಕುರ್ಚಿಯಿಂದ ಓಡಿಹೋಗುತ್ತಿದ್ದ. ಇವನು ಕಾಲ ಮೇಲೆ ಕಾಲು ಹಾಕಿ ಕೂತ. ನಾವು ಸುತ್ತ ಕೂತೆವು. ಪನೋರಿಯಾ ತಲೆವಸ್ತ್ರದ ಗಂಟು ಬಿಚ್ಚಿದಳು. ಆ ಗಂಟನ್ನು ಮತ್ತೆ ಕಟ್ಟುವವರೆಗೆ ಯಾರೂ ಏಳುವಂತಿಲ್ಲ, ಅಡ್ಡ ಬಾಯಿ ಹಾಕುವಂತಿಲ್ಲ. ಹಿಂದೆ ಕೊಲೆ ಮಾಡಿದವನೂ ಕೂತು ತನ್ನ ಹೆಸರು ಕೇಳಿಸಿಕೊಂಡೇ ಹೋಗಬೇಕಿತ್ತು.

"ವ್ರೆತ್ತೋಸನೇ, ಓದಿದವನೇ, ಬಿಳಿಯ ಅಂಗಿ ತೊಟ್ಟವನೇ,
ನನ್ನ ಮಗ ಮಲಗಿದ್ದಾಗ ಹೊಸಿಲು ದಾಟಿ ಬಂದವರ್ಯಾರು?"

ನಾವು ದನಿ ಸೇರಿಸಿದೆವು: "ಲಂಬ್ರಿನಿ ಬಂದಳು."

"ಲೋಟ ತೊಳೆದವರ್ಯಾರು, ಕಾಲ ಬಳಿ ಕೂತವರ್ಯಾರು?"

"ಲಂಬ್ರಿನಿ ತೊಳೆದಳು. ಲಂಬ್ರಿನಿ ಕೂತಳು."

"ಅವನ ಹೆಸರ ಕದ್ದು ಮಾರಿ ಮೆತ್ತೆ ಮೇಲೆ ಕೂತವರ್ಯಾರು?"

ಈ ಸಲ ನಾವು ಉತ್ತರ ಕೊಡಲಿಲ್ಲ. ಎಲ್ಲರೂ ಅವನನ್ನೇ ನೋಡಿದೆವು. ಅವನು ಅರ್ಧ ಎದ್ದ. ಹಿಂದಿನಿಂದ ಕಮ್ಮಾರನ ತಮ್ಮ ಕೂಗಿದ:

"ಕೂತ್ಕೊಳಯ್ಯಾ! ಗಂಟು ಕಟ್ಟೋವರೆಗೂ ಏಳಂಗಿಲ್ಲ. ನಿನ್ನ ಪುಸ್ತಕದಲ್ಲೇ ಬರ್ದಿದೀಯಲ್ಲ!"

ಕೂತ. ಕ್ಯಾಮೆರಾ ಓಡುತ್ತಲೇ ಇತ್ತು.

ಹಾಡು ಮುಗಿದ ಮೇಲೆ ನಾನು ತಟ್ಟೆ ತಂದೆ. ಹಿಂದಿನ ದಿನವೇ ಬೇಯಿಸಿದ ತಿಥಿಯ ಗೋಧಿ, ಮೇಲೆ ಸಕ್ಕರೆಪುಡಿ, ದಾಳಿಂಬೆಯ ಕಾಳು, ನಡುವೆ ಬೆಳ್ಳಿಬಣ್ಣದ ಮಿಠಾಯಿ ಗುಂಡುಗಳಲ್ಲಿ ಸತ್ತವನ ಹೆಸರಿನ ಮೊದಲಕ್ಷರಗಳು: ಆ, ವ್ರೆ. "ದೇವರು ಅವನನ್ನ ಕ್ಷಮಿಸಲಿ" ಎಂದು ಸಾವಿನ ಮನೆಯಲ್ಲಿ ಹೇಳುವ ಹಾಗೆಯೇ ಹೇಳುತ್ತ ಎಲ್ಲರಿಗೂ ಹಂಚಿದೆವು. ಪಾದ್ರಿ ಸಮುದ್ರದ ಕಡೆ ಮುಖ ತಿರುಗಿಸಿ ನಿಂತರು. ಪ್ರೊಫೆಸರಿಗೂ ಒಂದು ಪೊಟ್ಟಣ ಕೊಟ್ಟೆ. ಅವನ ಮುಖ ಸುಣ್ಣದ ಗೋಡೆಯಾಗಿತ್ತು. ಸಮಿತಿಯ ಹೆಂಗಸು ಗೋಧಿ ಅಗಿಯುತ್ತಲೇ ಲಂಬ್ರಿನಿಯ ಹತ್ತಿರ ಹೋಗಿ ಕೇಳಿದಳು: "ಮೂಲ ಟೇಪು ನಿನ್ನ ಹತ್ರಾನೇ ಇದೆಯೇನಮ್ಮಾ?"

"ಇದೆ ಮೇಡಂ. ಎಲ್ಲಾ ಇದೆ."

ಅಷ್ಟು ನಮಗೆ ಸಾಕಾಗಲಿಲ್ಲ. ನಲವತ್ತನೆಯ ದಿನದ ತಿಥಿಗೆ ಮತ್ತೆ ಗೋಧಿ ಬೇಯಿಸಿ, ಬಸ್ಸಿನಲ್ಲಿ ಅವನ ಆಫೀಸಿಗೆ ಕಳಿಸಿದೆವು. ಮರುದಿನ ಅವನ ಫೋನು ಬಂತು. ದನಿ ತೆಳ್ಳಗಾಗಿತ್ತು.

"ಅಮ್ಮಾ, ನನಗೆ ನಿದ್ದೆ ಇಲ್ಲ. ಎದೆ ಹೊಡ್ಕೊಳ್ಳುತ್ತೆ. ಹಾಡಿದ್ದನ್ನ ವಾಪಸ್ ತಗೊಳ್ಳೋಕೆ ಏನಾದ್ರೂ ದಾರಿ ಇದೆಯಾ?"

"ಇಲ್ದೆ ಏನು?" ಎಂದಳು ಪನೋರಿಯಾ. "ಬಿಡಿಸೋ ಹಾಡು ಬೇರೇನೇ ಇದೆ. ಮೊದಲು ಹುಡುಗೀದು ಹುಡುಗೀಗೆ ಕೊಡಿ."

ಕೊಟ್ಟ. ಟೇಪುಗಳೆಲ್ಲ ಲಂಬ್ರಿನಿಯ ದುಡಿಮೆ ಎಂದು ವಿಶ್ವವಿದ್ಯಾಲಯಕ್ಕೆ ಸಹಿ ಹಾಕಿ ಬರೆದ, ಮಾರದೆ ಉಳಿದ ಪುಸ್ತಕಗಳನ್ನು ಹಿಂದಕ್ಕೆ ತೆಗೆದುಕೊಂಡ. ಅವಳು ಗೈಡನ್ನು ಬದಲಿಸಿಕೊಂಡು ಈ ವಸಂತದಲ್ಲಿ ಡಾಕ್ಟರಾದಳು. ಅವಳ ಅಮ್ಮ ಆ ದಿನ ಫೋನಿನಲ್ಲಿ ಅತ್ತದ್ದು ನೋಡಿದರೆ ಅಳುಹಾಡಿಗೆ ಅವಳನ್ನೂ ಸೇರಿಸಿಕೊಳ್ಳಬಹುದಿತ್ತು.

ಆಮೇಲೆ ಪ್ರೊಫೆಸರಿನ ಫೋನು ಮತ್ತೆ ಬಂತು.

"ಈಗ ಆ ಹಾಡು ಹಾಡ್ತೀರಲ್ಲಮ್ಮಾ?"

"ಯಾವ ಹಾಡು?"

"ಬಿಡಿಸೋ ಹಾಡು! ಇದೆ ಅಂದಿದ್ರಲ್ಲ!"

"ಅಂದಿದ್ನಾ? ಅಂಥದ್ದು ನಮ್ಮಲ್ಲಿ ಯಾವತ್ತೂ ಇರ್ಲಿಲ್ಲ ಮೇಷ್ಟ್ರೇ" ಎಂದಳು ಪನೋರಿಯಾ. "ಹೊಸದೇನಾದ್ರೂ ಹುಡುಕಿ. ಮದುವೆ ಹಾಡು ತಗೊಳ್ಳಿ, ಚೆನ್ನಾಗಿರುತ್ತೆ."

ಪ್ರೊಫೆಸರಿನ ವರುಷದ ತಿಥಿ ಬರುವ ವಾರ. ಗೋಧಿ ಆರಿಸಿ ಇಟ್ಟಿದ್ದೇನೆ. ಮಿಠಾಯಿ ಗುಂಡುಗಳನ್ನು ಈ ಸಲ ಡಾಕ್ಟರ್ ಲಂಬ್ರಿನಿ ಅಥೆನ್ಸಿನಿಂದ ತರುತ್ತಾಳಂತೆ.