ನಾಗರತ್ನಮ್ಮನ ಸೊಂಟ ಮತ್ತು ಯುಗಾದಿಯ ಒಬ್ಬಟ್ಟು

ಕೊರೊನಾ ಕಳೆದ ಎರಡನೇ ವರ್ಷ. ಬಸವನಗುಡಿಯ ಸಣ್ಣ ಕ್ಲಿನಿಕ್ಕೊಂದರಲ್ಲಿ ನಾನು ಫಿಸಿಯೋಥೆರಪಿಸ್ಟ್ ಆಗಿದ್ದೆ. ನಿವೃತ್ತಿಗೆ ಒಂದೇ ವರ್ಷ ಬಾಕಿ ಇತ್ತು. ಮೂವತ್ತು ವರ್ಷ ಸೊಂಟ ನೋಡಿದವಳೆಂಬ ಜಂಬವೂ ಸಾಕಷ್ಟಿತ್ತು.

ಆಗ ಬಂದವರು ಎನ್.ಆರ್. ಕಾಲೋನಿಯ ನಾಗರತ್ನಮ್ಮ. ವಯಸ್ಸು ಐವತ್ತೆಂಟು. ಮನೆಯಲ್ಲೇ ಒಬ್ಬಟ್ಟು ಮಾಡಿ ಮಾರುತ್ತಿದ್ದರು. ನೆಲದಲ್ಲಿ ಕೂತು, ಮುಂದಕ್ಕೆ ಬಾಗಿ, ದಿನಕ್ಕೆ ಇನ್ನೂರು ತಟ್ಟುವ ಕೆಲಸ. ಎರಡು ವರ್ಷದಿಂದ ಸೊಂಟನೋವು, ಎಡಗಾಲಿಗೂ ಎಳೆತ.

“ಯುಗಾದಿಗೆ ಎರಡೇ ತಿಂಗಳಿದೆ ಮೇಡಂ, ಆರ್ಡರ್ ತಗೊಳ್ಳಲಾ ಬೇಡ್ವಾ? ಈ ಸಲ ಆಗ್ಲಿಲ್ಲ ಅಂದ್ರೆ ಎಲ್ಲಾ ನಿಲ್ಲಿಸ್ಬಿಡು ಅಂತಾರೆ ನಮ್ಮನೆಯವರು. ಅದೊಂದು ಬಿಟ್ಟು ಏನು ಬೇಕಾದ್ರೂ ಬಿಡ್ತೀನಿ.”

ಪರೀಕ್ಷಿಸಿದೆ. ಮುಂದಕ್ಕೆ ಬಾಗಿದರೆ ನೋವು ಕಾಲಿಗೆ ಇಳಿಯುತ್ತಿತ್ತು. ಬೋರಲು ಮಲಗಿ, ಕೈ ಊರಿ ಎದೆ ಎತ್ತಿ ಬೆನ್ನನ್ನು ಹಿಂದಕ್ಕೆ ಬಾಗಿಸಿದರೆ ಕಾಲು ಬಿಟ್ಟು ಸೊಂಟಕ್ಕೆ ವಾಪಸಾಗುತ್ತಿತ್ತು. ಹೀಗೆ ಹಿಂದಕ್ಕೆ ಬಾಗುವುದನ್ನು ನಾವು ಎಕ್ಸ್‌ಟೆನ್ಷನ್ ಎನ್ನುತ್ತೇವೆ. ಹಾಗೆ ನೋವು ಹಿಂದೆ ಸರಿಯುವುದು ಒಳ್ಳೆಯ ಲಕ್ಷಣ. ಒಂದು ಸಲಕ್ಕೆ ಹತ್ತರಂತೆ ದಿನಕ್ಕೆ ಆರು ಸಲ ಮಾಡಿ ಎಂದು ಚೀಟಿ ಬರೆದುಕೊಟ್ಟೆ. ಆರ್ಡರ್ ತಗೊಳ್ಳಿ ಎಂದೂ ಧೈರ್ಯವಾಗಿ ಹೇಳಿದೆ.

ಮೂರು ವಾರ ಕಳೆದರೂ ನೋವು ಇಳಿಯಲಿಲ್ಲ, ಏರಿತು. ಕ್ಲಿನಿಕ್ಕಿನಲ್ಲಿ ಮಾಡಿದಾಗ ಹಾಯೆನಿಸುತ್ತಿತ್ತು, ಮನೆಗೆ ಹೋದರೆ ಮತ್ತೆ ಅದೇ ಪಾಡು. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. “ಮನೇಲಿ ಮಾಡ್ತಾನೇ ಇಲ್ಲ, ಅಲ್ವಾ?” ಎಂದು ಗದರಿದೆ.

“ದೇವರಾಣೆಗೂ ಒಂದಿನ ತಪ್ಪಿಸಿಲ್ಲ ಮೇಡಂ,” ಎಂದರು. ಕಣ್ಣು ತುಂಬಿತ್ತು. ನನಗೆ ನಾಚಿಕೆಯಾಯಿತು. ಅಂದು ಸಂಜೆಯೇ ಅವರ ಮನೆಗೆ ಹೋಗಿ, ಮಾಡಿ ತೋರಿಸಿ ಎಂದೆ. ಚಾಪೆ ಹಾಸಿ ಅಂಗಾತ ಮಲಗಿದರು. ಕೈ ಊರಿ, ಬೆನ್ನು ಬಗ್ಗಿಸಿ ಎದ್ದು ಕೂತರು. ಒಂದು, ಎರಡು, ಮೂರು! ನಾನು ಹೇಳಿದ್ದಕ್ಕೆ ತದ್ವಿರುದ್ಧ, ಅದೂ ದಿನಕ್ಕೆ ಅರವತ್ತು ಸಲ.

“ಹೆಂಗಸರು ಹೊಟ್ಟೆ ನೆಲಕ್ಕೆ ತಾಗಿಸಿ ಮಲಗಬಾರದಲ್ವಾ? ಅದಕ್ಕೇ ತಿರುಗಿಸ್ಕೊಂಡೆ. ಲೆಕ್ಕ ಮಾತ್ರ ತಪ್ಪಿಸಿಲ್ಲ.”

ನನ್ನಜ್ಜಿಯೂ ಇದನ್ನೇ ಹೇಳಿದ್ದರು. ನಾನೂ ಇವತ್ತಿನವರೆಗೆ ದೇವರಿಗೆ ಸಾಷ್ಟಾಂಗ ಹಾಕಿದವಳಲ್ಲ, ಮಂಡಿಯೂರಿಯೇ ನಮಸ್ಕರಿಸುವುದು.

“ಮತ್ತೆ ಕ್ಲಿನಿಕ್ಕಲ್ಲಿ ಬೋರಲು ಮಲಗಿದ್ರಲ್ಲ?”

“ಅದು ಮಂಚ ಅಲ್ವಾ!”

“ನಿಮ್ಮನೇಲಿ ಮಂಚ ಇಲ್ವಾ?”

“ಇದೆ. ನೀವು ಚಾಪೆ ಅಂತ ಬರೆದಿದ್ರಿ.”

ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಮಂಚದ ಮೇಲಿನ ಹಾಸಿಗೆ ತೆಗೆಸಿ ಜಮಖಾನ ಹಾಸಿದೆ. ಒಬ್ಬಟ್ಟು ತಟ್ಟುವ ಕೆಲಸವನ್ನು ನೆಲದಿಂದ ಅಡುಗೆಮನೆ ಕಟ್ಟೆಗೆ ಏರಿಸಿದೆ. ಅರ್ಧ ಗಂಟೆಗೊಮ್ಮೆ ನಿಂತಲ್ಲೇ ಸೊಂಟಕ್ಕೆ ಕೈಕೊಟ್ಟು ಐದು ಸಲ ಹಿಂದಕ್ಕೆ ಬಾಗಬೇಕೆಂದೆ. ಎರಡು ವಾರದಲ್ಲಿ ಕಾಲಿನ ಎಳೆತ ಹೋಯಿತು, ನಾಲ್ಕನೇ ವಾರಕ್ಕೆ ಸೊಂಟವೂ ಹಗುರಾಯಿತು.

ಯುಗಾದಿಯ ಹಿಂದಿನ ದಿನ ಅವರ ಮನೆಗೆ ಹೋದೆ. ಗೇಟಿನವರೆಗೆ ಕ್ಯೂ. ಅವರ ಯಜಮಾನರೇ ಒಬ್ಬಟ್ಟು ಕಟ್ಟಿಕೊಡುತ್ತಿದ್ದರು. ನಾಗರತ್ನಮ್ಮ “ಒಂದ್ನಿಮಿಷ ಇರಿ ಎಲ್ರೂ” ಎಂದು ಹೊರಬಂದು, ಸೊಂಟಕ್ಕೆ ಕೈಕೊಟ್ಟು ಹಿಂದಕ್ಕೆ ಬಾಗಿದರು. ಕ್ಯೂನಲ್ಲಿದ್ದ ಏಳೆಂಟು ಜನರೂ ನಗುತ್ತಾ ಬಾಗಿದರು. ನನ್ನನ್ನು ಕಂಡವರೇ, “ಬನ್ನಿ ಮೇಡಂ, ನೀವೂ ಬಾಗಿ. ಆಮೇಲೇ ಒಬ್ಬಟ್ಟು!” ಎಂದರು. ಸಂತೋಷದಿಂದ ಬಾಗಿದೆ.

ಗುಣವಾಗದ ರೋಗಿ ಸೋಮಾರಿಯೇ ಆಗಿರಬೇಕಿಲ್ಲ. ನಾನು ಹೇಳಿದ್ದನ್ನು ತನ್ನ ಮನೆಗೆ ಹೊಂದಿಸಿಕೊಳ್ಳಲು ಒದ್ದಾಡುತ್ತಿರಬಹುದು. ನಿವೃತ್ತಿಯಾಗುವವರೆಗೆ ಮತ್ತೆ ಯಾರನ್ನೂ “ಮಾಡಿದ್ರಾ?” ಎಂದು ಕೇಳಲಿಲ್ಲ, “ಮನೇಲಿ ಹೇಗೆ ಮಾಡ್ತೀರಿ, ತೋರಿಸಿ” ಎಂದೇ ಕೇಳಿದೆ.