ಸೋಮಣ್ಣ ಹೇಳಿದ ಅರ್ಥ

ನಮ್ಮೂರ ಡೈರಿಯಲ್ಲಿ ಹಾಲಿನ ಫ್ಯಾಟ್ ನೋಡುವ ಕೆಲಸ ನನ್ನದು. ಯಾರ ಹಾಲಿಗೆ ಎಷ್ಟು ನೀರು ಬಿದ್ದಿದೆ ಎಂದು ನನಗೆ ಗೊತ್ತಾಗುವುದರಿಂದ ಊರಿನವರಿಗೆ ನನ್ನ ಮೇಲೆ ಅಂಥ ಪ್ರೀತಿಯೇನಿಲ್ಲ. ಅವರ ಪ್ರೀತಿಯೆಲ್ಲ ಪೇಪರ್ ಸೋಮಣ್ಣನ ಮೇಲಿತ್ತು.

ಸೋಮಯ್ಯ ಅಂತ ಹೆಸರು. ಎಸ್ಸೆಸ್ಸೆಲ್ಸಿಗೆ ಎರಡು ಸಲ ಕಟ್ಟಿ ಎರಡು ಸಲವೂ ಇಂಗ್ಲಿಷಿನಲ್ಲಿ ಫೇಲಾದವನು. ಒಂದೆಕರೆ ಕಬ್ಬು, ಎರಡು ಸೀಮೆಹಸು. ಕ್ಯಾತನಹಳ್ಳಿ ಕಡೆಯಿಂದ ಬರುವ ಮೊದಲ ಬಸ್ಸು ಪೇಪರು ಎಸೆದು ಹೋದ ಕೂಡಲೇ ಡೈರಿಯ ಜಗಲಿ ಮೇಲೆ ಕೂತು ಹೆಡ್‌ಲೈನುಗಳನ್ನು ಗಟ್ಟಿಯಾಗಿ ಓದುತ್ತಿದ್ದ. ಹಾಗೆ ಓದುತ್ತ ಇಪ್ಪತ್ತು ವರ್ಷವಾಗಿತ್ತು. ಓದು ನಮಗೂ ಬರುತ್ತದೆ, ಆದರೆ ಪೇಪರಿನ ಕನ್ನಡ ನಾವಾಡುವ ಕನ್ನಡವಲ್ಲವಲ್ಲ. ಅದಕ್ಕೆ ಸೋಮಣ್ಣ ಅರ್ಥ ಬಿಡಿಸಬೇಕು. ಗೊತ್ತಿಲ್ಲ ಎಂಬ ಮಾತು ಅವನ ಬಾಯಲ್ಲಿ ನಾನು ಕೇಳಿದವಳೇ ಅಲ್ಲ.

‘ತೀರ್ಪು ಕಾಯ್ದಿರಿಸಿದ ಹೈಕೋರ್ಟ್’ ಎಂದು ಬಂದರೆ, “ತೀರ್ಪು ಬರ್ದು ಬೀರೂಲಿ ಮಡಗವ್ರೆ ಕಣ್ಲಾ, ಎಲೆಕ್ಷನ್ ಮುಗುದ್ಮೇಲೆ ಈಚೆಗ್ ತೆಗೀತಾರೆ” ಅನ್ನುತ್ತಿದ್ದ. ತಡೆಯಾಜ್ಞೆ ಅಂದರೆ ಕೇಸು ಗೆದ್ದಂತೆ ಎಂದಿದ್ದ. ಅದನ್ನು ನಂಬಿ ನಮ್ಮ ಹೊನ್ನಪ್ಪ ತನ್ನ ಜಮೀನಿನ ದಾರಿ ಕೇಸಿಗೆ ತಡೆಯಾಜ್ಞೆ ಸಿಕ್ಕಿದ ದಿನವೇ ಊರಿಗೆಲ್ಲ ಮೈಸೂರುಪಾಕು ಹಂಚಿಬಿಟ್ಟ. ಆರು ತಿಂಗಳಿಗೆ ಆಜ್ಞೆ ತೆರವಾಯಿತು. ಹೊನ್ನಪ್ಪ ಜಗಳಕ್ಕೆ ಬಂದಾಗ ಸೋಮಣ್ಣ, “ಮ್ಯಾಲಿನೋರು ಕಾಸು ತಿಂದವ್ರೆ, ಕಾನೂನು ಏನ್ ಮಾಡದು?” ಎಂದು ಜಾರಿಕೊಂಡ. ನಾವೂ ಹೌದೌದು ಎಂದೆವು.

ಇವೆಲ್ಲ ನಗುವ ಮಾತು. ನಗಲಾರದ್ದು ಒಂದಿತ್ತು. ಆರೋಪಿ ಎಂಬ ಮಾತು ವಾರಕ್ಕೆ ನಾಲ್ಕು ಸಲವಾದರೂ ಪೇಪರಿನಲ್ಲಿ ಬರುತ್ತದೆ. ಆರೋಪಿ ಅಂದರೆ ಯಾರು ಎಂದು ಕೇಳಿದವರಿಗೆ ಸೋಮಣ್ಣ ಹೇಳುತ್ತಿದ್ದುದು ಒಂದೇ: “ಮಾಡ್ದೋನು. ಮಾಡ್ದೆ ಇದ್ರೆ ಪೇಪರ್ನಲ್ಲಿ ಯಾಕ್ಲಾ ಹಾಕ್ತಿದ್ರು?”

ಕಳೆದ ಕಾರ್ತಿಕದಲ್ಲಿ ಆ ಮಾತು ನಮ್ಮೂರಿಗೇ ಬಂತು. ದಾಸಯ್ಯ ಗೂಡ್ಸ್ ಆಟೋ ಓಡಿಸುವವನು. ಯಾರೋ ಮೂವರು ಗುಜರಿ ಸಾಮಾನು ಎಂದು ಬಾಡಿಗೆಗೆ ಕರೆದಿದ್ದಾರೆ, ಇವನು ಹೋಗಿದ್ದಾನೆ. ಮೂಟೆಯಲ್ಲಿದ್ದದ್ದು ನಾಲೆ ಬದಿಯ ಪಂಪ್‌ಸೆಟ್ಟುಗಳಿಂದ ಕತ್ತರಿಸಿದ ಕೇಬಲ್ಲು. ಪೊಲೀಸರು ನಾಲ್ವರನ್ನೂ ಹಿಡಿದುಕೊಂಡು ಹೋದರು. ಮಾರನೆಯ ದಿನ ‘ಕೇಬಲ್ ಕಳವು: ನಾಲ್ವರು ಆರೋಪಿಗಳ ಬಂಧನ’ ಎಂದು ಬಂತು. ಕೆಳಗೆ ನಾಲ್ಕನೆಯ ಹೆಸರು ದಾಸಯ್ಯನದು. ಸೋಮಣ್ಣ ಓದಿ, ಕನ್ನಡಕ ತೆಗೆದು, “ಮಾಡವ್ನೆ ಕಣ್ರಪ್ಪ. ನಮ್ಮೂರೋನು ಅಂತ ಸುಳ್ಳ್ ಹೇಳಕ್ಕಾಗ್ತದಾ?” ಎಂದ.

ದಾಸಯ್ಯ ಜಾಮೀನಿನ ಮೇಲೆ ಬಂದ. ಬಂದವನು ಯಾರೊಡನೆಯೂ ವಾದ ಮಾಡಲಿಲ್ಲ. ದಿನಾ ತಲೆ ತಗ್ಗಿಸಿ ಕ್ಯಾನು ತರುವನು, ಹಾಲು ಹಾಕುವನು, ಹೋಗುವನು. ಕದಿಯದವನಾಗಿದ್ದರೆ ಎಗರಾಡುತ್ತಿದ್ದ ಎಂದು ಊರು ಲೆಕ್ಕ ಹಾಕಿತು. ನಾನೂ ಹಾಗೇ ಅಂದುಕೊಂಡೆ, ಈಗ ಮುಚ್ಚಿಡುವುದೇನು.

ಸಂಕ್ರಾಂತಿ ಕಳೆದ ವಾರ ಸೋಮಣ್ಣನ ತಂಗಿಯ ಮಗಳು ಸ್ನೇಹ ಹಬ್ಬದ ಎಳ್ಳು ಕೊಡಲು ಬಂದಳು. ಪಾಂಡವಪುರದಲ್ಲಿ ವಕೀಲರೊಬ್ಬರ ಬಳಿ ಟೈಪು ಮಾಡುವ ಹುಡುಗಿ. ಮಾತಿಗೆ ಮಾತು ಬಂದು ದಾಸಯ್ಯನ ವಿಷಯ ಎದ್ದಾಗ ಅವಳು, “ಮಾವ, ಆರೋಪಿ ಅಂದ್ರೆ ಮಾಡ್ದೋನು ಅಂತಲ್ಲ. ಮಾಡವ್ನೆ ಅಂತ ಅವ್ನ್ ಮೇಲೆ ಮಾತು ಬಂದದೆ, ಅಷ್ಟೇಯ. ಕೋರ್ಟು ಹೌದು ಅಂದ್ಮೇಲೇ ಅಪರಾಧಿ. ಇಲ್ಲ ಅಂದ್ರೆ ಖುಲಾಸೆ ಆಗಿ ಮನೆಗ್ ಬತ್ತಾನೆ” ಎಂದಳಂತೆ.

ಇದನ್ನು ಸೋಮಣ್ಣ ಎರಡು ದಿನ ಬಿಟ್ಟು, ಹಾಲು ಹಾಕುವವರ ಸಾಲು ಕರಗಿದ ಮೇಲೆ ನನ್ನೊಬ್ಬಳಿಗೆ ಹೇಳಿದ.

“ನಾಳೆ ಎಲ್ರು ಮುಂದೆ ಹೇಳ್ಬುಡಣ್ಣ” ಎಂದೆ.

“ಎಂಗ್ ಹೇಳ್ಲಿ ಪಾರ್ವತಿ? ಇಪ್ಪತ್ ವರ್ಸದಲ್ಲಿ ಎಷ್ಟ್ ಜನುನ್ನ ಕಳ್ಳ ಅಂದಿವ್ನಿ, ಗೊತ್ತಾ? ಇದೊಂದು ತಪ್ಪು ಅಂದ್ರೆ ಮಿಕ್ಕಿದ್ದೆಲ್ಲ ಕೆದಕ್ತಾರೆ.”

ಮಾರನೆಯ ದಿನ ಬಾಯಿ ತೆರೆದ, ಮುಚ್ಚಿದ. ಅದರ ಮಾರನೆಯ ದಿನವೂ ಅಷ್ಟೆ. ಬಿಸಿ ತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಆಮೇಲೆ ಆ ಮಾತು ಇದ್ದ ಸುದ್ದಿಯನ್ನೇ ಓದುವುದು ಬಿಟ್ಟ. ಮಳೆ, ಕಬ್ಬಿನ ರೇಟು, ಕನ್ನಂಬಾಡಿ ಕಟ್ಟೆಯ ನೀರಿನ ಮಟ್ಟ, ಇಷ್ಟೇ. “ಏನಣ್ಣ, ಕಳ್ಳಕಾಕರೆಲ್ಲ ರಜಾ ಹಾಕವ್ರಾ?” ಎಂದು ಜನ ರೇಗಿಸಿದರು. ಜಗಲಿ ಬಿಟ್ಟು ಮನೆಯಲ್ಲಿ ಕೂತರೆ ಯಾಕೆ ಬರಲಿಲ್ಲ ಎಂದು ಕೇಳುತ್ತಾರೆ. ಬಂದರೆ ದಾಸಯ್ಯ ಎದುರಿಗೇ ಸಾಲಿನಲ್ಲಿ ನಿಂತಿರುತ್ತಾನೆ. ಸೋಮಣ್ಣನಿಗೆ ನಿದ್ದೆ ಬಾರದಾಯಿತು, ಊಟ ಸೇರದಾಯಿತು. ನನಗೆ ಅಯ್ಯೋ ಅನ್ನಿಸಿತೇ ಹೊರತು ನಾನೂ ಬಾಯಿ ಬಿಡಲಿಲ್ಲ. ಊರ ಉಸಾಬರಿ ನನಗ್ಯಾಕೆ ಅಂದುಕೊಂಡೆ. ಆ ಮಾತಿಗೆ ನನ್ನ ಬಾಯಿಗೆ ಬೂದಿ ಹಾಕಬೇಕು.

ಆ ನಡುವೆ ದಾಸಯ್ಯನ ಮಗಳು ಹೇಮಶ್ರೀಗೆ ಕೆ.ಆರ್. ಪೇಟೆ ಕಡೆಯಿಂದ ಒಂದು ಸಂಬಂಧ ಬಂತು. ಹುಡುಗ ಒಪ್ಪಿದ, ಹುಡುಗಿ ಒಪ್ಪಿದಳು. ಶಿವರಾತ್ರಿ ಕಳೆದು ನಾಲ್ಕು ದಿನಕ್ಕೆ ಹುಡುಗನ ಸೋದರಮಾವ ತಿಮ್ಮರಾಜು ಬೆಳಿಗ್ಗೆಯೇ ಬೈಕಿನಲ್ಲಿ ಡೈರಿ ಮುಂದೆ ಬಂದಿಳಿದ. ಸಾಲಿನಲ್ಲಿ ಇಪ್ಪತ್ತು ಜನ, ಅವರ ನಡುವೆ ದಾಸಯ್ಯ. ತಿಮ್ಮರಾಜು ಸೀದಾ ಜಗಲಿಗೆ ಬಂದು ಮೊಬೈಲಿನಲ್ಲಿ ಆ ಹಳೆಯ ಪೇಪರಿನ ಫೋಟೋ ತೋರಿಸಿದ.

“ಸೋಮಯ್ನೋರೆ, ಯಾರೋ ಇದ್ನ ಕಳಿಸವ್ರೆ. ನಮ್ ಹುಡ್ಗುಂಗೆ ಈ ಮನೆ ಹೆಣ್ಣು ತರೋದಾ ಬ್ಯಾಡ್ವಾ ಅನ್ನೋದು ಇದ್ರ ಮೇಲೆ ನಿಂತದೆ. ಪೇಪರ್ ವಿಚಾರ ನಿಮ್ಮನ್ನ ಕೇಳಿ ಅಂದ್ರು. ಇವ್ರು ಮಾಡವ್ರಾ?”

ದಾಸಯ್ಯ ಕ್ಯಾನು ಕೆಳಗಿಟ್ಟ. ಅವತ್ತು ಸೋಮಣ್ಣ ಹೇಳಿಯೇ ಹೇಳಿದ, ಅದನ್ನು ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ.

“ಇಲ್ಲ ಸ್ವಾಮಿ. ಆರೋಪಿ ಅಂದ್ರೆ ಮಾಡವ್ರೆ ಅಂತಲ್ಲ. ಅವ್ರ್ ಮೇಲೆ ಮಾತು ಬಂದದೆ ಅಂತ. ಕೋರ್ಟು ಇನ್ನೂ ಏನೂ ಹೇಳಿಲ್ಲ.”

ಮೈಸೂರುಪಾಕಿನ ಹೊನ್ನಪ್ಪ ಬಾಯಿ ತೆರೆದ. “ಅಲ್ಲ ಸೋಮಣ್ಣ, ಇಪ್ಪತ್ ವರ್ಸದಿಂದ ನಮ್ಗೊಂದ್ ಅರ್ಥ, ನೆಂಟ್ರು ಬಂದಾಗ ಇನ್ನೊಂದ್ ಅರ್ಥನಾ? ದಾಸಯ್ಯ ಊಟಗೀಟ ಹಾಕ್ಸುದ್ನಾ?”

ರೇಗಿಸಲು ಅಂದದ್ದೇ. ಕೆಟ್ಟ ಮನಸ್ಸು ಅವನಿಗಿರಲಿಲ್ಲ. ಎಲ್ಲರೂ ನಕ್ಕರು. ತಿಮ್ಮರಾಜು ನಗಲಿಲ್ಲ. ಅವನು ಮೊಬೈಲನ್ನು ಜೇಬಿಗಿಟ್ಟು, “ಸರಿ ಬುಡಿ, ಮನೇಲಿ ಮಾತಾಡಿ ತಿಳುಸ್ತೀವಿ” ಎಂದು ಬೈಕು ಹತ್ತಿದ. ಹೆಣ್ಣು ಹೆತ್ತ ಯಾರಿಗೂ ಆ ಮಾತಿಗೆ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

“ಸತ್ಯ ಕಣ್ರಯ್ಯ, ಸ್ನೇಹ ಹೇಳವ್ಳೆ, ಫೋನ್ ಮಾಡಿ ಕೇಳ್ರಿ!” ಎಂದು ಸೋಮಣ್ಣ ಕೂಗಿದ. ಬೈಕಿನ ಹಿಂದೆ ನಾಲ್ಕು ಹೆಜ್ಜೆ ಓಡಿದ. ಸ್ವಂತ ತಂಗಿ ಮಗಳನ್ನೇ ಸಾಕ್ಷಿಗೆ ಕರೆದರೆ ಯಾರು ನಂಬುತ್ತಾರೆ? ಜನ ಇನ್ನಷ್ಟು ನಕ್ಕರು.

ದಾಸಯ್ಯ ಸಾಲು ಬಿಟ್ಟು ಬಂದು ಅವನ ಎದುರು ನಿಂತ. ಹೊಡೆಯುತ್ತಾನೆ ಎಂದು ನಾನು ಎದ್ದೆ. ಅವನು ಮೆಲ್ಲಗೆ, “ಇದು ನಿಂಗ್ ಯಾವತ್ ಗೊತ್ತಾಯ್ತಣ್ಣ?” ಎಂದು ಕೇಳಿದ.

ನೆನ್ನೆ ಎಂದು ಹೇಳಬಹುದಿತ್ತು. “ಸಂಕ್ರಾಂತಿ ಆದ್ ವಾರಕ್ಕೆ” ಎಂದ ಸೋಮಣ್ಣ.

ನಗು ನಿಂತಿತು. ದಾಸಯ್ಯ ಹೇಳಿದ:

“ನಾನ್ ಸ್ಟೇಸನ್ನಿಂದ ಬಂದಾಗ ಹೇಮ ಕೇಳುದ್ಲು, ಅಪ್ಪ, ನೀನು ಕದ್ದ್ಯಾ ಅಂತ. ಇಲ್ಲ ಅನ್ನಕ್ಕೆ ಬಾಯೇ ಬರ್ನಿಲ್ಲ ಕಣಣ್ಣ. ಕದ್ದಿಲ್ಲ ಅಂತ ನಂಗ್ ಗೊತ್ತು. ಆದ್ರೆ ಪೇಪರ್ನಲ್ಲಿ ಆರೋಪಿ ಅಂತ ಬಂದ್ಬುಟ್ಟದಲ್ಲ, ಅಂಗಂದ್ರೆ ಎಲ್ಲ ತೀರ್ಮಾನ ಆಗೋಯ್ತು, ಇನ್ ಮಾತಾಡಂಗಿಲ್ಲ ಅನ್ಕಂಡು ಸುಮ್ಕಾದೆ. ಅವತ್ತಿಂದ ಅವ್ಳು ನನ್ ಮುಖ ನೋಡಿ ಮಾತಾಡಿಲ್ಲ.”

“ನಾನೇ ಬಂದು ಆ ಮಗೀಗೆ ಹೇಳ್ತೀನಿ, ನಡಿ” ಎಂದು ಸೋಮಣ್ಣ ಅವನ ಕೈ ಹಿಡಿದುಕೊಂಡ. ಕಣ್ಣಲ್ಲಿ ನೀರು ಬಂದಿತ್ತು.

ದಾಸಯ್ಯ ಕೈ ಬಿಡಿಸಿಕೊಂಡ. “ಬ್ಯಾಡ ಕಣಣ್ಣ. ಚಿಕ್ಕೋಳಿದ್ದಾಗ ನನ್ ಜೊತೆ ಹಾಲಿಗ್ ಬಂದು, ಇದೇ ಜಗಲಿ ಮುಂದೆ ನಿಂತ್ಕಂಡು, ಆರೋಪಿ ಅನ್ನೋ ಮಾತ್ಗೆ ನಿನ್ನಿಂದ್ಲೇ ಅರ್ಥ ಕಲ್ತವ್ಳು ಅವ್ಳು.”